ಕೆಲಸವಿಲ್ಲದ ಯೌವನಸ್ಥರೂ ಸರಕಾರದ ಸಹಾಯವೂ

ಹೋದ ಅಡಿಕೆ ಸುಗ್ಗಿಯ ಕಾಲದಲ್ಲಿ ನಮ್ಮ ಸಭೆಯ ಯೌವನಸ್ಥನೊಬ್ಬನು ಒಂದು ಸಾಯಂಕಾಲ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದನು. ಅವನು ತಾಲೂಕಿನ ಕಾಲೇಜಿನಲ್ಲಿ ಓದಿ ಬಿ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವನು, ವಿಧವೆಯಾದ ತಾಯಿಗೆ ಒಬ್ಬನೇ ಮಗನು. ಓದು ಮುಗಿಸಿಯೂ ಕೆಲಸ ಸಿಕ್ಕದವರಿಗೆ ಸರಕಾರವು ಕೊಡುವ ಭತ್ಯೆಯು ಅವನಿಗೆ ಬರುತ್ತಿತ್ತು. ಅದು ತಪ್ಪದೆ ಬರಬೇಕಾದರೆ ತನಗೆ ಇನ್ನೂ ಉದ್ಯೋಗ ದೊರೆತಿಲ್ಲವೆಂದು ಅವನು ಮೊಬೈಲಿನಲ್ಲಿ ಕಾಲಕಾಲಕ್ಕೆ ಘೋಷಣೆ ಮಾಡಬೇಕಾಗಿತ್ತು. ಆ ಘೋಷಣೆಯ ದಿನವು ಬಂದಿತ್ತು. ಆದರೆ ಆ ತಿಂಗಳಲ್ಲಿ ಅವನು ನೆರೆಯ ಸಾಹುಕಾರರ ಅಂಗಳದಲ್ಲಿ ಹನ್ನೊಂದು ರಾತ್ರಿ ಅಡಿಕೆ ಸುಲಿದು ಕೂಲಿ ತಂದಿದ್ದನು.

“ಬೋಧಕರೇ, ನಾನು ಈಗ ಉದ್ಯೋಗವಿಲ್ಲದವನೋ, ಉಳ್ಳವನೋ? ಇಲ್ಲವೆಂದು ಒತ್ತಿದರೆ ಸುಳ್ಳಾದೀತೇ? ಉಂಟೆಂದು ಒತ್ತಿದರೆ ಮುಂದಿನ ತಿಂಗಳು ಅಡಿಕೆಯೂ ಮುಗಿದಿರುತ್ತದೆ, ಈ ಹಣವೂ ನಿಂತಿರುತ್ತದೆ. ತಾಯಿಯ ಔಷಧಕ್ಕೆ ಏನು ಮಾಡಲಿ?” ಎಂದು ಕೇಳಿದನು.

ನಾವು ಸೆಮಿನರಿಯಲ್ಲಿ ನೀತಿಶಾಸ್ತ್ರದ ಪಾಠಗಳನ್ನು ಕೇಳಿದವರೇ. ಆದಾಗ್ಯೂ ಆ ಸಾಯಂಕಾಲ ನಮಗೆ ಕೂಡಲೇ ಉತ್ತರವು ತೋಚಲಿಲ್ಲ. ನಾಳೆ ಬಾ ಎಂದು ಹೇಳಿ ಅವನನ್ನು ಕಳುಹಿಸಿದೆವು. ಆ ನಾಳೆಯ ಉತ್ತರಕ್ಕಾಗಿ ನಾವು ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತೇವೆ. ಯಾಕಂದರೆ ಇದು ಅವನೊಬ್ಬನ ಪ್ರಶ್ನೆಯಲ್ಲ. ನಿಮ್ಮ ನಿಮ್ಮ ಮನೆಗಳಲ್ಲಿಯೂ ಇಂಥ ಮಗನೋ ಮಗಳೋ ಇರಬಹುದು.

ಮೊದಲು ಒಂದು ತಪ್ಪು ಎಣಿಕೆಯನ್ನು ತೆಗೆದುಹಾಕಬೇಕಾಗಿದೆ. ಕೆಲಸವಿಲ್ಲದೆ ಕೂತಿರುವ ಹುಡುಗನನ್ನು ಕಂಡ ಒಡನೆ ನಮ್ಮ ಹಿರಿಯರಲ್ಲಿ ಕೆಲವರು, ಅಪೊಸ್ತಲನಾದ ಪೌಲನು ಥೆಸಲೊನೀಕದ ಸಭೆಗೆ ಬರೆದ ಕಠಿಣವಾದ ಮಾತನ್ನು ಎತ್ತಿ ಆಡುವರು. ಆ ಮಾತನ್ನು ಚೆನ್ನಾಗಿ ನೋಡಿರಿ. ಅದು ಕೆಲಸಮಾಡಲು ಮನಸ್ಸಿಲ್ಲದವರನ್ನು ಕುರಿತದ್ದೇ ಹೊರತು, ಮನಸ್ಸಿದ್ದು ಕೆಲಸ ಸಿಕ್ಕದವರನ್ನು ಕುರಿತದ್ದಲ್ಲ. ದ್ರಾಕ್ಷೇ ತೋಟದ ಯಜಮಾನನ ಸಾಮ್ಯವನ್ನಾದರೋ ಅವರು ಮರೆತುಬಿಡುತ್ತಾರೆ. ಅಲ್ಲಿ ಸಂಜೆಯ ವರೆಗೆ ಪೇಟೆಯ ಬೀದಿಯಲ್ಲಿ ನಿಂತವರು ಸೋಮಾರಿಗಳಾಗಿ ನಿಂತವರಲ್ಲ, ಯಾರೂ ಕರೆಯದ್ದರಿಂದ ನಿಂತವರು. ಯಜಮಾನನು ಅವರನ್ನು ಗದರಿಸದೆ ಮೊದಲು ಕಾರಣವನ್ನು ವಿಚಾರಿಸಿದನು. ಅವರ ಕೈಗೆ ಭಿಕ್ಷೆಯನ್ನು ಹಾಕದೆ ತೋಟಕ್ಕೆ ಕಳುಹಿಸಿದನು. ಈ ಮೂರು ಸಂಗತಿಗಳನ್ನು, ಅಂದರೆ ಅವನು ಹುಡುಕಿಕೊಂಡು ಹೋದದ್ದನ್ನು, ವಿಚಾರಿಸಿದ್ದನ್ನು, ಕೆಲಸಕ್ಕೆ ಹಚ್ಚಿದ್ದನ್ನು, ಮನಸ್ಸಿನಲ್ಲಿಟ್ಟುಕೊಳ್ಳಿರಿ. ಮುಂದೆ ಅವು ನಮಗೆ ಬೇಕಾಗುವವು.

ಕೆಲಸವಿಲ್ಲದವರು ಯಾರು ಎಂಬುದನ್ನೂ ಸರಿಯಾಗಿ ತಿಳಿಯಬೇಕು. ಓದದವನಿಗೆ ಕೆಲಸವಿಲ್ಲ, ಓದಿದವನಿಗೆ ಉಂಟು ಎಂದು ನಮ್ಮ ತಂದೆತಾಯಿಗಳು ನಂಬಿ, ಹೊಟ್ಟೆ ಬಟ್ಟೆ ಕಟ್ಟಿ ನಮ್ಮನ್ನು ಶಾಲೆಗೆ ಕಳುಹಿಸಿದರು. ಈಗಿನ ಲೆಕ್ಕವು ಬೇರೆಯಾಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರು 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, ನಮ್ಮ ದೇಶದಲ್ಲಿ ಕೆಲಸವಿಲ್ಲದವರ ಪೈಕಿ ನೂರಕ್ಕೆ 83 ಮಂದಿ ಯುವಜನರು. 2022ರಲ್ಲಿ ಓದುಬರಹ ತಿಳಿಯದ ಯುವಜನರಲ್ಲಿ ನೂರಕ್ಕೆ 3.4 ಮಂದಿ ನಿರುದ್ಯೋಗಿಗಳಾಗಿದ್ದರೆ, ಪದವೀಧರರಲ್ಲಿ ನೂರಕ್ಕೆ 29.1 ಮಂದಿ ಹಾಗಿದ್ದರು. ಓದದವನು ಸುಖಿ ಎಂದು ಇದರಿಂದ ತಿಳಿಯಬಾರದು. ಬಡವನಾದ ಓದದವನು ಒಂದು ದಿನವೂ ಕೆಲಸವಿಲ್ಲದೆ ಇರಲಾರನು. ಆದಕಾರಣ ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವನು ಓದಿಗೆ ತಕ್ಕದ್ದನ್ನು ಕಾಯುತ್ತಾನೆ. ಕಾಯುವಷ್ಟು ಕಾಲ ಮನೆಯವರು ಅವನನ್ನು ಸಾಕುತ್ತಾರೆ, ಸಾಕುತ್ತಾ ಗೊಣಗುತ್ತಾರೆ.

ಹೀಗಿರಲಾಗಿ ನಮ್ಮ ರಾಜ್ಯದ ಸರಕಾರವು ಏನು ಮಾಡಿತು? 2023ರ ಚುನಾವಣೆಯಲ್ಲಿ ಮಾತುಕೊಟ್ಟ ಐದು ಗ್ಯಾರಂಟಿಗಳಲ್ಲಿ ಒಂದಾದ ‘ಯುವನಿಧಿ’ ಎಂಬ ಯೋಜನೆಯ ನೋಂದಣಿಯನ್ನು ಅದೇ ವರುಷ ಡಿಸೆಂಬರ್ 26ರಂದು ಆರಂಭಿಸಿ, 2024ನೇ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲನೆಯ ಹಣವನ್ನು ಹಂಚಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರುಷ. ತೇರ್ಗಡೆಯಾಗಿ 180 ದಿನಗಳಾದರೂ ಕೆಲಸ ಸಿಕ್ಕದವರಿಗೆ ಇದು ಸಲ್ಲುತ್ತದೆ. ಮೇಲಿನ ಓದಿಗೆ ಸೇರಿದವರಿಗೂ, ಸರಕಾರಿಯಾಗಲಿ ಖಾಸಗಿಯಾಗಲಿ ಉದ್ಯೋಗ ಹಿಡಿದವರಿಗೂ, ಸ್ವಂತ ಉದ್ಯೋಗ ಮಾಡುವವರಿಗೂ ಸಲ್ಲುವುದಿಲ್ಲ.

ಈ ಸಹಾಯವನ್ನು ನಾವು ಹೀಯಾಳಿಸುವುದಿಲ್ಲ. ಸಂದರ್ಶನಕ್ಕೆ ಹೋಗಲು ಬಸ್ಸಿನ ಖರ್ಚಿಗೆ ತಂದೆಯ ಮುಂದೆ ಕೈಚಾಚಬೇಕಾದ ಹುಡುಗಿಗೆ ಆ ಮೂರು ಸಾವಿರವು ಎಷ್ಟು ದೊಡ್ಡದೆಂದು ಪಟ್ಟಣದ ಪಂಡಿತರಿಗೆ ತಿಳಿಯದು. ಹಣವು ನೇರವಾಗಿ ಅವಳ ಬ್ಯಾಂಕಿನ ಖಾತೆಗೆ ಹೋಗುವದರಿಂದ ನಡುವೆ ಯಾರೂ ಕೈಯಾಡಿಸಲಾರರು. ಇದು ಸಣ್ಣ ಉಪಕಾರವಲ್ಲ.

ಆದರೆ ನಮ್ಮ ಯೌವನಸ್ಥನ ಪ್ರಶ್ನೆಗೆ ಹಿಂದಿರುಗೋಣ. ಇಂಥ ಭತ್ಯೆಯ ಘೋಷಣೆಗೆ ಎರಡೇ ಉತ್ತರಗಳುಂಟು, ಉದ್ಯೋಗ ಇದೆ ಅಥವಾ ಇಲ್ಲ. ಹಳ್ಳಿಯ ಜೀವನದಲ್ಲಿಯಾದರೋ ಈ ಎರಡರ ನಡುವೆ ಹತ್ತು ಮೆಟ್ಟಲುಗಳಿವೆ. ಹನ್ನೊಂದು ರಾತ್ರಿ ಅಡಿಕೆ ಸುಲಿದವನು, ಜಾತ್ರೆಯ ನಾಲ್ಕು ದಿನ ಅಂಗಡಿಯಲ್ಲಿ ತಕ್ಕಡಿ ಹಿಡಿದವನು, ಮದುವೆಯ ಮನೆಗೆ ಬಡಿಸಲು ಹೋದವನು, ನೆರೆಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಟ್ಟು ತಿಂಗಳಿಗೆ ಅಷ್ಟಿಷ್ಟು ತೆಗೆದುಕೊಳ್ಳುವವಳು, ಇವರೆಲ್ಲರನ್ನು ಯಾವ ಮೆಟ್ಟಲಿನಲ್ಲಿ ನಿಲ್ಲಿಸುವಿರಿ? ಕಾಗದವು ಮಧ್ಯದ ಮೆಟ್ಟಲುಗಳನ್ನು ಕಾಣದು. ಆದದರಿಂದ ಯಥಾರ್ಥನಾದ ಹುಡುಗನ ಮುಂದೆ ಮೂರು ದಾರಿಗಳು ಉಳಿಯುವವು. ಕೂಲಿಗೆ ಹೋಗಿ ಅದನ್ನು ಮರೆಮಾಡುವದು ಒಂದು. ಭತ್ಯೆ ತಪ್ಪೀತೆಂದು ಹೆದರಿ ಸಿಕ್ಕಿದ ಕೂಲಿಗೂ ಹೋಗದೆ ಮನೆಯಲ್ಲಿ ಕೂತಿರುವದು ಇನ್ನೊಂದು. ನಿಜವನ್ನು ಹೇಳಿ ಎರಡನ್ನೂ ಕಳೆದುಕೊಳ್ಳುವದು ಮೂರನೆಯದು. ಮೊದಲನೆಯದು ಅವನ ನಾಲಿಗೆಯನ್ನು ಕೆಡಿಸುತ್ತದೆ, ಎರಡನೆಯದು ಅವನ ಕೈಗಳನ್ನು ಕೆಡಿಸುತ್ತದೆ, ಮೂರನೆಯದು ಅವನ ತಾಯಿಯ ಔಷಧವನ್ನು ತಪ್ಪಿಸುತ್ತದೆ.

ಸುಳ್ಳು ಹೇಳುವದು ಪಾಪವೇ, ಇದರಲ್ಲಿ ಸಂಶಯವಿಲ್ಲ. ಆದರೆ ಒಂದು ಕಟ್ಟಳೆಯು ಯಥಾರ್ಥರಿಗೆ ನಷ್ಟವನ್ನೂ ಕಪಟಿಗಳಿಗೆ ಲಾಭವನ್ನೂ ತರುವಂತೆ ಕಟ್ಟಲ್ಪಟ್ಟಿದ್ದರೆ, ಅದನ್ನು ಕಟ್ಟಿದವರ ಮೇಲೆ ಯಾವ ಭಾರವೂ ಇಲ್ಲವೋ? ಇದ್ದೇ ಇದೆಯೆಂದು ನಾವು ಹೇಳುತ್ತೇವೆ. ಬೇಲಿಯಿಲ್ಲದ ಬಾವಿಯನ್ನು ತೋಡಿದವನು ಬಿದ್ದ ಕರುವಿಗೆ ಉತ್ತರವಾದಿಯಾಗುವ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ. ಇಂಥ ಯೋಜನೆಗಳನ್ನು ಅಳೆಯುವವರು ಎಷ್ಟು ಮಂದಿ ನೋಂದಣಿಯಾದರು, ಎಷ್ಟು ಕೋಟಿ ಹಂಚಿದ್ದಾಯಿತು ಎಂದು ಲೆಕ್ಕಿಸುತ್ತಾರೆ. ಆ ಎರಡು ವರುಷಗಳ ಕೊನೆಯಲ್ಲಿ ಆ ಯೌವನಸ್ಥನ ಮಾತೂ ಕೈಯೂ ಏನಾದವು ಎಂಬುದನ್ನೂ ನಾವು ಲೆಕ್ಕಿಸಬೇಕೆಂದು ಬೇಡುತ್ತೇವೆ.

ಇದನ್ನು ಸರಿಪಡಿಸುವದು ಅಸಾಧ್ಯವಾದ ಕೆಲಸವಲ್ಲ. ಇದೆ, ಇಲ್ಲ ಎಂದು ಕೇಳುವ ಬದಲು, ಈ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ಬಂತು ಎಂದು ಕೇಳಲಿ. ಬಂದ ಕೂಲಿಯ ಅರ್ಧವನ್ನು ಮಾತ್ರ ಭತ್ಯೆಯಲ್ಲಿ ಹಿಡಿಯಲಿ. ದೃಷ್ಟಾಂತವಾಗಿ, 2,000 ರೂಪಾಯಿ ಕೂಲಿ ತಂದವನಿಗೆ ಭತ್ಯೆಯಲ್ಲಿ 1,000 ಕಡಮೆಯಾಗಿ 2,000 ಬಂದರೆ, ಅವನ ಕೈಯಲ್ಲಿ ಒಟ್ಟು 4,000 ಇರುವದು. ಆಗ ದುಡಿದವನು ದುಡಿಯದವನಿಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದಿರುವನು. ನಿಜ ಹೇಳಿದವನಿಗೆ ನಿಜದಿಂದ ಕೇಡಾಗದು. ಇದರಿಂದ ಸರಕಾರದ ಬೊಕ್ಕಸಕ್ಕೂ ನಷ್ಟವಿಲ್ಲ. ಯಾಕಂದರೆ ಈಗ ಮರೆಮಾಡಲ್ಪಡುವ ಕೂಲಿಯು ಆಗ ಲೆಕ್ಕಕ್ಕೆ ಬರುವದು.

ಆದರೆ ಹಣದ ಮಾತು ಇಷ್ಟಕ್ಕೆ ಸಾಕು. ಯೌವನಸ್ಥನಿಗೆ ಬೇಕಾದದ್ದು ಹಣ ಮಾತ್ರವೋ? ಇದಕ್ಕೆ ಉತ್ತರವು ನಮಗೆ ಬಹುದೂರದ ಒಂದು ಹಳ್ಳಿಯಿಂದ ಬಂದಿದೆ. ಆಸ್ಟ್ರಿಯ ದೇಶದಲ್ಲಿ ವಿಯೆನ್ನಾ ನಗರದ ಸಮೀಪ ಮರೀಂಥಾಲ್ ಎಂಬ ಊರಿತ್ತು. ಊರಿಗೆಲ್ಲಾ ಅನ್ನ ಕೊಡುತ್ತಿದ್ದ ನೂಲಿನ ಕಾರ್ಖಾನೆಯು 1929-30ರಲ್ಲಿ ಮುಚ್ಚಿಹೋಯಿತು. ಮರೀ ಯಹೋಡಾ ಎಂಬ ಸ್ತ್ರೀಯೂ ಅವಳ ಜೊತೆಗಾರರೂ ಆ ಊರಿಗೆ ಹೋಗಿ, ಜನರ ನಡುವೆ ಇದ್ದು, ಕೆಲಸ ಹೋದ ಮೇಲೆ ಮನುಷ್ಯನು ಏನಾಗುತ್ತಾನೆ ಎಂಬುದನ್ನು ಕಂಡು, 1933ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಜನರಿಗೆ ಭತ್ಯೆಯು ಸ್ವಲ್ಪಮಟ್ಟಿಗೆ ಬರುತ್ತಿತ್ತು, ಹೊತ್ತಾದರೋ ಬೇಕಾದಷ್ಟಿತ್ತು. ಆದರೆ ಆ ಹೊತ್ತಿನಲ್ಲಿ ಅವರು ಹೆಚ್ಚು ಓದಿದರೋ? ಇಲ್ಲ; ಊರ ಗ್ರಂಥಾಲಯದಿಂದ ಪುಸ್ತಕ ತೆಗೆದುಕೊಂಡು ಹೋಗುವದು ಮೊದಲಿಗಿಂತ ಕಡಮೆಯಾಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವನ್ನು ಕೂಡ ಆ ಪರೀಕ್ಷಕರು ಅಳೆದರು. ಮನೆಗೆಲಸವಿದ್ದ ಹೆಂಗಸರಿಗಿಂತ ಗಂಡಸರು ನಿಧಾನವಾಗಿ, ನಿಂತು ನಿಂತು ನಡೆಯುತ್ತಿದ್ದರು. ದಿನವೆಲ್ಲಾ ಏನು ಮಾಡಿದಿರೆಂದು ಕೇಳಿದರೆ ಅನೇಕರಿಗೆ ಹೇಳಲು ಏನೂ ನೆನಪಿಗೆ ಬರುತ್ತಿರಲಿಲ್ಲ.

ನಮ್ಮ ಊರಿನ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಕೂತು, ಮಧ್ಯಾಹ್ನ ಎರಡು ಗಂಟೆಗೂ ಅಲ್ಲಿಯೇ ಮೊಬೈಲನ್ನು ಉಜ್ಜುತ್ತಾ ಕೂತಿರುವ ಹುಡುಗರನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ. ಅವರನ್ನು ನಾವು ಸೋಮಾರಿಗಳೆನ್ನುತ್ತೇವೆ. ಕೆಲಸವಿಲ್ಲದ್ದರಿಂದ ಸೋಮಾರಿಯಾದವನನ್ನು, ಸೋಮಾರಿಯಾದದರಿಂದ ಕೆಲಸವಿಲ್ಲದವನೆಂದು ತಿಳಿಯುವದು ನಮ್ಮ ಹಳೆಯ ತಪ್ಪು.

ಅದೇ ಮರೀಂಥಾಲ್ ಇರುವ ಗ್ರಾಮತ್‌ನೊಯಿಸೀಡ್ಲ್ ಎಂಬ ಪಂಚಾಯತಿಯಲ್ಲಿ 2020ರ ಅಕ್ಟೋಬರದಲ್ಲಿ ಇನ್ನೊಂದು ಪರೀಕ್ಷೆಯು ಆರಂಭವಾಯಿತು. ಬಹುಕಾಲದಿಂದ ಕೆಲಸವಿಲ್ಲದೆ ಇದ್ದ ಪ್ರತಿಯೊಬ್ಬರಿಗೂ, ಅವರು ಒಪ್ಪಿದರೆ, ಸಂಬಳದ ಕೆಲಸವನ್ನು ಕೊಡುವೆವೆಂದು ಅಲ್ಲಿಯ ಉದ್ಯೋಗ ಇಲಾಖೆಯವರು ಮಾತುಕೊಟ್ಟರು. ಬಲವಂತವಿರಲಿಲ್ಲ. ಮರಗೆಲಸ, ತೋಟಗೆಲಸ ಮುಂತಾದ ಕೆಲಸಗಳು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಇದರ ಫಲವನ್ನು ನೋಡಿದಾಗ, ಆದಾಯವಲ್ಲದೆ ದಿನಕ್ಕೊಂದು ಕ್ರಮವೂ, ನಾಲ್ಕು ಜನರೊಡನೆ ಒಡನಾಟವೂ, ತಾನು ಬೇಕಾದವನೆಂಬ ಭಾವನೆಯೂ ಅವರಿಗೆ ಹಿಂದಿರುಗಿದ್ದು ಕಂಡುಬಂತು. ಅವರು ಹೆಚ್ಚಾಗಿ ಯೌವನವನ್ನು ದಾಟಿದವರು. ಆದರೆ ಅರ್ಧ ಆಯುಸ್ಸು ದುಡಿದವನಿಗೆ ಇದು ಬೇಕಾದರೆ, ಒಂದು ದಿನವೂ ದುಡಿದು ನೋಡದವನಿಗೆ ಎಷ್ಟು ಹೆಚ್ಚಾಗಿ ಬೇಕು!

ಯೌವನಸ್ಥರಿಗೋಸ್ಕರವೇ ನಡೆದ ಒಂದು ದೊಡ್ಡ ಕಾರ್ಯವನ್ನೂ ಹೇಳುತ್ತೇವೆ. 1933ರಲ್ಲಿ ಅಮೇರಿಕ ದೇಶದಲ್ಲಿ ಮಹಾ ಮುಗ್ಗಟ್ಟು ಉಂಟಾಗಿ ಕೋಟಿಗೂ ಮೀರಿದ ಜನರು ಕೆಲಸವಿಲ್ಲದೆ ಇದ್ದರು. ಆಗ ಅಧ್ಯಕ್ಷರಾದ ರೂಸ್‌ವೆಲ್ಟರು ಮದುವೆಯಾಗದ ಬಡ ಯುವಕರನ್ನು ಕಾಡುಮೇಡುಗಳಲ್ಲಿ ಶಿಬಿರ ಹಾಕಿಸಿ ಇರಿಸಿ, ಮರ ನೆಡುವದಕ್ಕೂ, ಮಣ್ಣು ಕೊಚ್ಚಿ ಹೋಗದಂತೆ ಒಡ್ಡು ಹಾಕುವದಕ್ಕೂ, ಕಾಡ್ಗಿಚ್ಚು ಆರಿಸುವದಕ್ಕೂ ಹಚ್ಚಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ತಂದೆತಾಯಿಗಳಿಗೆ ನೇರವಾಗಿ ಹೋಗುತ್ತಿತ್ತು. 1942ರ ವರೆಗೆ ಸುಮಾರು 30 ಲಕ್ಷ ಯುವಕರು ಹೀಗೆ ದುಡಿದು, ಸುಮಾರು 300 ಕೋಟಿ ಸಸಿಗಳನ್ನು ನೆಟ್ಟರು. ಅಕ್ಷರ ತಿಳಿಯದೆ ಬಂದ ಸಾವಿರಾರು ಹುಡುಗರು ಶಿಬಿರದ ರಾತ್ರಿ ಪಾಠದಲ್ಲಿ ಓದು ಕಲಿತು ಹೋದರು. ಈ ಕಾರ್ಯಕ್ಕೂ ಕಲೆಗಳಿದ್ದವು. ಕರಿಯ ಹುಡುಗರನ್ನು ಬೇರೆ ಶಿಬಿರಗಳಲ್ಲಿ ಇರಿಸಿದರು. ಹೆಣ್ಣುಮಕ್ಕಳಿಗೆ ಅದರಲ್ಲಿ ಸ್ಥಳವೇ ಇರಲಿಲ್ಲ.

ಅಮೇರಿಕದ ಕೆಲವು ಪಂಡಿತರು ಆ ಶಿಬಿರಗಳ ಹಳೆಯ ದಾಖಲೆಗಳನ್ನು ಹುಡುಕಿ, ಆ ಹುಡುಗರ ಇಡೀ ಆಯುಸ್ಸನ್ನು ಬೆನ್ನಟ್ಟಿ, 2020ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಶಿಬಿರವನ್ನು ಬಿಟ್ಟ ಕೂಡಲೇ ಅವರಿಗೆ ಇತರರಿಗಿಂತ ಬೇಗನೆ ಕೆಲಸ ಸಿಕ್ಕಿತೆಂಬುದಕ್ಕೆ ಹೆಚ್ಚು ಆಧಾರ ದೊರೆಯಲಿಲ್ಲ. ಆದರೆ ಹೆಚ್ಚು ಕಾಲ ಶಿಬಿರದಲ್ಲಿದ್ದವರು ಹೆಚ್ಚು ಕಾಲ ಬದುಕಿದರು, ಅವರ ದೇಹವು ಹೆಚ್ಚು ಆರೋಗ್ಯವಾಗಿತ್ತು, ಆಯುಸ್ಸಿನ ಒಟ್ಟು ಸಂಪಾದನೆಯೂ ಹೆಚ್ಚಾಗಿತ್ತು. ಇದನ್ನು ಸ್ವಲ್ಪ ಯೋಚಿಸಿರಿ. ಮರುವರುಷವೇ ಲೆಕ್ಕ ಕೇಳಿದ ಅಧಿಕಾರಿಯು ಈ ಯೋಜನೆಯನ್ನು ವ್ಯರ್ಥವೆಂದು ಬರೆದು ಮುಚ್ಚಿಬಿಡುತ್ತಿದ್ದನು. ನಾವು ತೆಂಗಿನ ಸಸಿ ನೆಟ್ಟು ಮರುಮಳೆಗಾಲಕ್ಕೆ ಕಾಯಿ ಕೇಳುತ್ತೇವೋ?

ಇನ್ನು ನಮ್ಮ ದೇಶದ ಮಾತಿಗೆ ಬರೋಣ. ಹಳ್ಳಿಯವರಿಗೆ ಕೆಲಸದ ಹಕ್ಕನ್ನು ಕೊಟ್ಟ ಕಾನೂನನ್ನು ಪಾರ್ಲಿಮೆಂಟು 2005ರಲ್ಲಿ ಮಾಡಿತು. ಒಂದು ಮನೆಗೆ ವರುಷಕ್ಕೆ 100 ದಿನಗಳ ಕೂಲಿ, ಕೇಳಿದ 15 ದಿನಗಳೊಳಗೆ ಕೆಲಸ. 2025ರ ಡಿಸೆಂಬರಿನಲ್ಲಿ ಅದರ ಸ್ಥಾನಕ್ಕೆ ಬೇರೊಂದು ಕಾನೂನನ್ನು ಅಂಗೀಕರಿಸಿ ದಿನಗಳನ್ನು 125 ಎಂದು ಗೊತ್ತುಮಾಡಿದರು. ಹಳೆಯ ಕಾನೂನಿನಿಂದ ನಮ್ಮ ಕಡೆಯಲ್ಲಿ ಎಷ್ಟೋ ಕೆರೆಗಳ ಹೂಳು ತೆಗೆದದ್ದಾಯಿತು, ಹೊಲಗಳಿಗೆ ಬದು ಬಂತು, ಕೃಷಿಹೊಂಡಗಳಾದವು. ಆದರೆ ಅದು ಗುದ್ದಲಿ ಬುಟ್ಟಿಯ ಕೆಲಸವಾಗಿತ್ತು. ಡಿಗ್ರಿಯಾದ ಹುಡುಗನ ಹೆಸರು ಮನೆಯ ಜಾಬ್ ಕಾರ್ಡಿನಲ್ಲಿ ಇದ್ದರೂ ಅವನು ಕೆರೆಗೆ ಇಳಿಯಲಿಲ್ಲ, ತಾಯಿಯನ್ನು ಕಳುಹಿಸಿದನು. ಇದರಲ್ಲಿ ಅವನ ತಪ್ಪು ಎಷ್ಟು, ನಮ್ಮ ತಪ್ಪು ಎಷ್ಟು? ಓದಿದರೆ ಮಣ್ಣು ಮುಟ್ಟುವ ಕಷ್ಟ ತಪ್ಪುವದೆಂದು ಚಿಕ್ಕಂದಿನಿಂದ ಅವನಿಗೆ ಹೇಳಿಕೊಟ್ಟವರು ನಾವೇ. ಉಪದೇಶಿಯಾದ ನಾವೂ ಆದಿತ್ಯವಾರದ ಶಾಲೆಯ ಮಕ್ಕಳಿಗೆ, ಚೆನ್ನಾಗಿ ಓದದೆ ಹೋದರೆ ಗುದ್ದಲಿಯೇ ಗತಿಯೆಂದು ಹೇಳಿ ಹೆದರಿಸಿದ್ದುಂಟು. ಡೇರೆ ಹೊಲಿದು ಜೀವಿಸಿದ ಅಪೊಸ್ತಲನ ಪತ್ರಗಳನ್ನು ಓದಿಸುವವರು ಹಾಗೆ ಹೇಳಬಾರದಾಗಿತ್ತು.

ಅದೇ ಕೆರೆಯ ಕೆಲಸದಲ್ಲಿ ಓದಿದವನಿಗೆ ತಕ್ಕ ಭಾಗವೂ ಇದೆಯಷ್ಟೆ. ಅಳತೆ ತೆಗೆಯುವದು, ಹಾಜರಿ ಬರೆಯುವದು, ನೀರಿನ ಮಟ್ಟವನ್ನು ವರುಷವಿಡೀ ಗುರುತಿಡುವದು, ಎಷ್ಟು ಮಣ್ಣು ತೆಗೆದದ್ದಾಯಿತೆಂದು ಊರವರ ಮುಂದೆ ಲೆಕ್ಕ ಓದುವದು. ಕರ್ನಾಟಕದಲ್ಲಿ ಈ ಕೂಲಿಗಾರರ ಗುಂಪಿನ ಮುಂದಾಳುಗಳಿಗೆ ‘ಕಾಯಕ ಬಂಧು’ ಎಂಬ ಒಳ್ಳೆಯ ಹೆಸರನ್ನಿಟ್ಟರು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅಲ್ಲಿ ಸಂಜೆ ಮಕ್ಕಳನ್ನು ಕೂಡಿಸಿ ಓದಿಸಲು ಜನ ಬೇಕು. ಪಿಂಚಣಿಯ ಕಾಗದ ಓದಲಾರದ ಮುದುಕಿಯರಿಗೆ ಓದಿ ಹೇಳಲು ಜನ ಬೇಕು. ಭತ್ಯೆಯನ್ನು ಪಡೆಯುವ ಎರಡು ವರುಷಗಳಲ್ಲಿ ವಾರಕ್ಕೆ ಕೆಲವು ದಿನ ಇಂಥ ಕೆಲಸವನ್ನು ತಕ್ಕ ಕೂಲಿಗೆ ಮಾಡಲು, ಒಪ್ಪಿದವರಿಗೆ ಅವಕಾಶ ಕೊಟ್ಟರೆ, ಕೆಲಸವೂ ಉಂಟು, ಕೈಯೂ ಉಂಟು. ನಡುವೆ ಇರುವ ಗೋಡೆಯು ಮಾತ್ರ ಬೀಳಬೇಕು.

ಇಲ್ಲಿ ಒಂದು ಅಪಾಯವುಂಟು, ಅದನ್ನು ಮರೆಮಾಡಕೂಡದು. ಯೌವನಸ್ಥರಿಗೆ ಅಗ್ಗದ ಕೂಲಿ ಕೊಟ್ಟು ಮಾಡಿಸಿದ ಕೆಲಸವು, ಪೂರಾ ಸಂಬಳದ ಒಬ್ಬರ ಕೆಲಸವನ್ನು ಕಿತ್ತುಕೊಳ್ಳಬಹುದು. ಭತ್ಯೆಯ ಹುಡುಗಿ ಪಾಠ ಹೇಳುವಳೆಂದು ಶಾಲೆಯ ಮಾಸ್ತರರ ಖಾಲಿ ಸ್ಥಾನವನ್ನು ತುಂಬದೆ ಬಿಟ್ಟರೆ, ಅದು ಒಬ್ಬಳ ತಟ್ಟೆಯಿಂದ ತೆಗೆದು ಇನ್ನೊಬ್ಬಳ ತಟ್ಟೆಗೆ ಅರ್ಧ ಹಾಕಿದ ಹಾಗಾಯಿತು. ಆದಕಾರಣ ಸಂಬಳದ ಸ್ಥಾನವಿರುವ ಕೆಲಸಕ್ಕೆ ಇವರನ್ನು ಹಚ್ಚಬಾರದು. ಈಗ ಯಾರೂ ಮಾಡದೆ ಬಿದ್ದಿರುವ ಕೆಲಸಕ್ಕೆ ಮಾತ್ರ ಹಚ್ಚಬೇಕು.

ದೂರವೂ ಒಂದು ಅಡ್ಡಿಯಾಗಿದೆ. ಕೇಂದ್ರ ಸರಕಾರವು 2024ರ ಅಕ್ಟೋಬರದಲ್ಲಿ 21ರಿಂದ 24 ವರುಷದವರಿಗೆ ದೊಡ್ಡ ಕಂಪೆನಿಗಳಲ್ಲಿ ಹನ್ನೆರಡು ತಿಂಗಳು ಕೆಲಸ ಕಲಿಯುವ ಯೋಜನೆಯನ್ನು ಆರಂಭಿಸಿ, ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತು. ಮೊದಲನೆಯ ಸುತ್ತಿನಲ್ಲಿ ಕಂಪೆನಿಗಳು 82,000ದಷ್ಟು ಕರೆಗಳನ್ನು ಕಳುಹಿಸಿದರೆ, ಒಪ್ಪಿಕೊಂಡವರು ಸುಮಾರು 28,000 ಮಂದಿ ಮಾತ್ರ. ನಮ್ಮ ಹಳ್ಳಿಯ ತಾಯಿಯೊಬ್ಬಳನ್ನು ಕೇಳಿದರೆ ಇದಕ್ಕೊಂದು ಕಾರಣವನ್ನು ಒಂದೇ ಉಸುರಿಗೆ ಹೇಳಿಬಿಡುವಳು: ಐದು ಸಾವಿರದಲ್ಲಿ ಪಟ್ಟಣದಲ್ಲಿ ಕೋಣೆಯ ಬಾಡಿಗೆ ಕೊಟ್ಟು ಊಟ ಮಾಡಲಾದೀತೇ? ಹಳ್ಳಿಯಿಂದ ಬರುವವರಿಗೆ ವಸತಿಯನ್ನು ಕೊಡದೆ ಕಲಿಕೆಯನ್ನು ಕೊಡುವದು, ಹೊಳೆಯ ಆಚೆ ಊಟ ಬಡಿಸಿ ದೋಣಿಯನ್ನು ಕೊಡದೆ ಇದ್ದ ಹಾಗೆ.

ಹಾಗಾದರೆ ನಮ್ಮ ಸಭೆಯವರಿಗೆ ಈ ವಿಷಯದಲ್ಲಿ ಹೇಳತಕ್ಕ ಅನುಭವವೇನಾದರೂ ಉಂಟೋ? ಉಂಟು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ, ಕ್ರೈಸ್ತರಾದ ನಮ್ಮ ಹಿರಿಯರಲ್ಲಿ ಅನೇಕರು ಜಾತಿಯೊಂದಿಗೆ ಕಸಬನ್ನೂ ಗೇಣಿಯ ಭೂಮಿಯನ್ನೂ ಕಳೆದುಕೊಂಡರು. ಅವರ ಗಂಡುಮಕ್ಕಳಿಗೆ ಕೆಲಸ ಬೇಕಾಗಿತ್ತು. ಬೇಸಾಯವನ್ನು ಹಚ್ಚಿ ನೋಡಿದರು, ಗಡಿಯಾರದ ಕೆಲಸವನ್ನು ಕಲಿಸಿ ನೋಡಿದರು, ಅವು ಹಿಡಿಯಲಿಲ್ಲ. 1851ರಲ್ಲಿ ಹಾಲರ್ ಎಂಬ ನೇಕಾರನು ಬಂದು ಮಗ್ಗಗಳನ್ನು ಸುಧಾರಿಸಿದನು. 1865ರಲ್ಲಿ ಪ್ಲೆಬ್ಸ್ತ್ ಎಂಬವನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿದನು. ಇವು ನಿಂತವು. ಯಾಕೆ ನಿಂತವೆಂದರೆ, ಆ ಬಟ್ಟೆಯೂ ಹಂಚೂ ಕೊಳ್ಳುವವನಿಗೆ ಬೇಕಾಗಿದ್ದವು; ಕರುಣೆಯಿಂದ ಯಾರೂ ಕೊಳ್ಳಲಿಲ್ಲ. ಇಂದಿಗೂ ಕರಾವಳಿಯಲ್ಲಿ ಆ ಹಂಚಿನ ಮಾಡುಗಳು ಮಳೆಯನ್ನು ತಡೆಯುತ್ತಿವೆ. ಆದರೆ ಆ ಕಥೆಗೆ ಇನ್ನೊಂದು ಮುಖವೂ ಉಂಟು. ಕೆಲಸ ಕೊಟ್ಟವರೂ ಸಭೆಯನ್ನು ಆಳುವವರೂ ಒಬ್ಬರೇ ಆದದರಿಂದ, ಧಣಿಗೆ ಎದುರಾಡುವದು ದೊರೆಗೆ ಎದುರಾಡಿದಷ್ಟೇ ಕಷ್ಟವಾಯಿತು. ಕೆಲವರು ತಲೆಮಾರುಗಳ ವರೆಗೆ ಕಾಂಪೌಂಡಿನ ಆಚೆ ಕೆಲಸ ಹುಡುಕುವ ಧೈರ್ಯವನ್ನೇ ಕಳೆದುಕೊಂಡರು. ಮೊದಲನೆಯ ಮಹಾಯುದ್ಧದಲ್ಲಿ ಸರಕಾರವು ಆ ಕಾರ್ಖಾನೆಗಳನ್ನು ವಶಮಾಡಿಕೊಂಡಾಗ ಅಂಥವರು ತಾಯಿಯನ್ನು ಕಳಕೊಂಡ ಮಕ್ಕಳಂತಾದರು. ಆದದರಿಂದ ಸಹಾಯವು ಎಷ್ಟು ಒಳ್ಳೆಯದಾದರೂ ಅದಕ್ಕೆ ಹೊರಗೆ ಹೋಗುವ ಬಾಗಲು ಇರಬೇಕೆಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಲಿತಿದ್ದೇವೆ.

ಯುರೋಪಿನ ದೇಶಗಳವರು 2013ರಲ್ಲಿ ಒಂದು ನಿಯಮವನ್ನು ಒಪ್ಪಿಕೊಂಡರು. ಏನಂದರೆ, 25 ವರುಷದೊಳಗಿನವರು ಓದು ಬಿಟ್ಟ ಅಥವಾ ಕೆಲಸ ಕಳಕೊಂಡ ನಾಲ್ಕು ತಿಂಗಳೊಳಗಾಗಿ ಅವರಿಗೆ ಕೆಲಸವೋ, ಮೇಲಿನ ಓದೋ, ಕಸಬಿನ ಕಲಿಕೆಯೋ, ತರಬೇತಿಯೋ, ಒಂದನ್ನು ಮುಂದಿಡಬೇಕು. 2020ರಲ್ಲಿ ಇದನ್ನು 30 ವರುಷದೊಳಗಿನವರಿಗೂ ವಿಸ್ತರಿಸಿದರು. ಎಲ್ಲಾ ಕಡೆಯಲ್ಲಿಯೂ ಇದು ಹೇಳಿದಂತೆ ನಡೆಯಿತೆಂದಲ್ಲ. ಆದರೆ ಇದರ ಹಿಂದಿನ ತಿಳುವಳಿಕೆಯು ಒಳ್ಳೆಯದು. ನಾವು 180 ದಿನ ಕಾದು ಆ ಮೇಲೆ ಹಣವನ್ನು ಕೊಡಲು ಆರಂಭಿಸುತ್ತೇವೆ. ಆ ಆರು ತಿಂಗಳೇ ಹುಡುಗನು ಕಟ್ಟೆಯ ಮೇಲೆ ಕೂತುಕೊಳ್ಳಲು ಕಲಿಯುವ ಕಾಲ. ದ್ರಾಕ್ಷೇ ತೋಟದ ಯಜಮಾನನು ಮುಂಜಾನೆಯೇ ಹೊರಟನು, ಮತ್ತೆ ಮತ್ತೆ ಪೇಟೆಗೆ ಹೋದನು. ಅವನು ಬೀದಿಗೆ ಬಂದು ವಿಚಾರಿಸಿದ ಹಾಗೆ, ಓದು ಮುಗಿಸಿದ ವಾರವೇ ಹುಡುಗನನ್ನು ಹೆಸರು ಹಿಡಿದು ಕರೆದು, ಏನು ಕಲಿತಿ, ಏನು ಬಲ್ಲಿ, ಎಲ್ಲಿ ಹೋಗಿ ಕೇಳಿದಿ ಎಂದು ವಿಚಾರಿಸುವ ಒಬ್ಬ ಮನುಷ್ಯನು ಪಂಚಾಯತಿಗೆ ಒಬ್ಬನಾದರೂ ಇರಬೇಕು. ಮೊಬೈಲು ಹಣವನ್ನು ಕಳುಹಿಸಬಲ್ಲದು. ಹುಡುಗನ ಮುಖವನ್ನು ನೋಡಲಾರದು. ಪರೀಕ್ಷೆಯಲ್ಲಿ ತಪ್ಪಿದವರೂ, ಎಸ್.ಎಸ್.ಎಲ್.ಸಿ.ಗೆ ಓದು ಬಿಟ್ಟವರೂ ಈ ಭತ್ಯೆಯ ಪಟ್ಟಿಯಲ್ಲಿಯೇ ಇಲ್ಲ. ಅವರನ್ನು ಯಾರು ವಿಚಾರಿಸುವರು? ಮಗ್ಗುಲ ಮನೆಯ ಹೆಣ್ಣುಮಗಳು ಕೆಲಸ ಹುಡುಕುತ್ತಿದ್ದಾಳೆಂದೇ ಯಾರೂ ಎಣಿಸುವುದಿಲ್ಲ, ಮದುವೆಗೆ ಕಾಯುತ್ತಿದ್ದಾಳೆ ಎನ್ನುತ್ತಾರೆ. ಅವಳ ಕೈಯಲ್ಲಿಯೂ ಡಿಗ್ರಿಯ ಕಾಗದವಿದೆ.

ಸರಕಾರವು ಅಂಥವನನ್ನು ನೇಮಿಸುವ ವರೆಗೆ ಸಭೆಯ ಹಿರಿಯರು ಸುಮ್ಮನಿರಬೇಕಾಗಿಲ್ಲ. ಪ್ರತಿ ಸಭೆಯಲ್ಲಿ ಓದು ಮುಗಿಸಿದವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ಅವರವರ ಮನೆಗೆ ಹೋಗಿ ವಿಚಾರಿಸುವದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮಲ್ಲಿ ಹಾಗೆ ಆರಂಭಿಸಿದಾಗ ಹದಿನಾಲ್ಕು ಹೆಸರುಗಳಾದವು. ನಾವು ಆರು ಎಂದು ಎಣಿಸಿದ್ದೆವು.

ಮರುದಿನ ಆ ಯೌವನಸ್ಥನು ಬಂದನು. ನಾವು ಅವನಿಗೆ ಹೀಗೆ ಹೇಳಿದೆವು: “ಮಗನೇ, ನೀನು ಮಾಡಿದ ಕೂಲಿಯು ಮಾನದ ಕೂಲಿ, ಅದನ್ನು ಬಚ್ಚಿಡಬೇಡ. ಹನ್ನೊಂದು ರಾತ್ರಿಯ ಸುಲಿಗೆಯು ಉದ್ಯೋಗವಲ್ಲವೆಂದು ನಾವು ತಿಳಿಯುತ್ತೇವೆ. ಆದರೆ ಅದನ್ನು ತೀರ್ಮಾನಿಸುವವರು ನಾವಲ್ಲ, ನೀನೂ ಅಲ್ಲ. ಉದ್ಯೋಗ ಸಿಕ್ಕಿಲ್ಲವೆಂದು ಘೋಷಣೆ ಮಾಡು. ಅದರೊಡನೆ ಎಷ್ಟು ರಾತ್ರಿ ದುಡಿದೆ, ಎಷ್ಟು ಬಂತು ಎಂಬುದನ್ನು ಒಂದು ಕಾಗದದಲ್ಲಿ ನಿನ್ನ ಕೈಯಿಂದಲೇ ಬರೆದು ಕಚೇರಿಗೆ ಕೊಡು. ಅವರು ತಪ್ಪೆಂದರೆ ಹಣವನ್ನು ಬಿಟ್ಟುಬಿಡು. ಔಷಧದ ವಿಚಾರವನ್ನು ಸಭೆಯವರು ನೋಡಿಕೊಳ್ಳುವರು.” ಈ ಕೊನೆಯ ಮಾತನ್ನು ಹೇಳುವ ಮೊದಲು ನಾವು ಹಿರಿಯರನ್ನು ಕೇಳಿರಲಿಲ್ಲ, ಆ ಮೇಲೆ ಕೇಳಿದೆವು, ಇಬ್ಬರು ಗೊಣಗಿ ಒಪ್ಪಿದರು.

ಅವನು ಕಾಗದ ಬರೆದು ಬಸ್ಸು ಹತ್ತಿ ಹೋದನು. ಸಂಜೆ ಬಂದು ಹೇಳಿದ್ದೇನಂದರೆ, ಅಲ್ಲಿಯ ಗುಮಾಸ್ತರು ಕಾಗದವನ್ನು ಎರಡು ಸಲ ಓದಿ, ಇಂಥದ್ದನ್ನು ಬರೆಯಲು ತಮ್ಮ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲವೆಂದು ಹೇಳಿ, ಆದರೂ ಹರಿದು ಹಾಕದೆ, ತಾರೀಖು ಹಾಕಿ ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಂಡರಂತೆ.